ಪಕ್ಷವೂ ಧರ್ಮವೂ

ಮಹಾಲಯ ಅಮಾವಾಸ್ಯೆಯಂದು ಪಿತೃಪಕ್ಷವು ಮುಗಿಯುತ್ತದೆ. ಮರುದಿನವೇ ಆಶ್ವಯುಜ ಶುದ್ಧ ಪಾಡ್ಯ, ಶುಕ್ಲಪಕ್ಷದ ಮೊದಲ ಬೆಳಗು. ಮನೆಗಳಲ್ಲಿ ಕಲಶಸ್ಥಾಪನೆಯಾಗುತ್ತದೆ, ವರ್ಷವಿಡೀ ಪೆಟ್ಟಿಗೆಯಲ್ಲಿ ಮಲಗಿದ್ದ ಪಟ್ಟದ ಬೊಂಬೆಗಳು ಹೊರಗೆ ಬಂದು ಮೆಟ್ಟಿಲ ಮೇಲೆ ಕುಳಿತುಕೊಳ್ಳುತ್ತವೆ, ನವರಾತ್ರಿಯು ಆರಂಭವಾಗುತ್ತದೆ. ಒಂದು ಪಕ್ಷ ಹೋಗಿ ಇನ್ನೊಂದು ಪಕ್ಷ ಬರುವ ಈ ಸಂಧಿಕಾಲದಲ್ಲಿ ‘ಪಕ್ಷ’ ಎಂಬ ಮಾತನ್ನೇ ಒಂದಿಷ್ಟು ವಿಚಾರಿಸಿ ನೋಡುವುದು ಅನುಚಿತವಾಗಲಾರದು.

‘ಪಕ್ಷ’ವೆಂದರೆ ರೆಕ್ಕೆ, ರೆಕ್ಕೆಯುಳ್ಳದ್ದು ಪಕ್ಷಿ. ‘ಪಕ್ಷ’ವೆಂದರೆ ತಿಂಗಳಿನ ಅರ್ಧ. ‘ಪಕ್ಷ’ವೆಂದರೆ ವಾದದಲ್ಲಿ ಒಬ್ಬನು ಹಿಡಿದ ಕಡೆ. ಚುನಾವಣೆಯಲ್ಲಿ ನಿಲ್ಲುವ ಗುಂಪಿಗೂ ಇಂದು ಅದೇ ಹೆಸರು. ಅರ್ಥಗಳು ಬೇರೆಬೇರೆಯಾದರೂ ಅವುಗಳೊಳಗಿನ ತಿರುಳು ಒಂದೇ. ಪಕ್ಷವೆಂಬುದು ಯಾವಾಗಲೂ ಒಂದು ಭಾಗ. ಅದು ಎಂದಿಗೂ ಪೂರ್ಣವಲ್ಲ. ಒಂದೇ ರೆಕ್ಕೆಯ ಹಕ್ಕಿ ಹಾರಲಾರದು. ಒಂದೇ ಪಕ್ಷದ ತಿಂಗಳು ಯಾವ ಪಂಚಾಂಗದಲ್ಲಿಯೂ ಇಲ್ಲ. ಧರ್ಮವಾದರೋ ಭಾಗವಲ್ಲ. ಯಾವುದು ಎಲ್ಲರನ್ನೂ ಧರಿಸುತ್ತದೆಯೋ, ಬೀಳದಂತೆ ಹಿಡಿದು ನಿಲ್ಲಿಸುತ್ತದೆಯೋ ಅದು ಧರ್ಮವೆಂದು ಹಿರಿಯರು ತಿಳಿಸಿದ್ದಾರೆ. ಭಾಗವು ಪೂರ್ಣಕ್ಕೆ ಸಲ್ಲಬೇಕೇ ಹೊರತು ಪೂರ್ಣವನ್ನು ತನ್ನೊಳಗೆ ಅಡಗಿಸಿಕೊಂಡೆನೆಂದು ಹೇಳಬಾರದು. ಪಕ್ಷಕ್ಕೂ ಧರ್ಮಕ್ಕೂ ಇರುವ ಸಂಬಂಧದ ಸೂತ್ರವೆಲ್ಲ ಇಷ್ಟರಲ್ಲಿಯೇ ಇದೆ. ಆದರೆ ಸೂತ್ರ ಸುಲಭ, ಆಚರಣೆ ಕಠಿಣ.

ದೈವಭಕ್ತನಾದವನು ರಾಜಕೀಯ ಪಕ್ಷವೊಂದರಲ್ಲಿ ಇರಬಹುದೇ? ಈ ಪ್ರಶ್ನೆಗೆ ಲೋಕದಲ್ಲಿ ಎರಡು ಅವಸರದ ಉತ್ತರಗಳುಂಟು. ‘ರಾಜಕೀಯವು ಕೆಸರು, ಮಡಿಯುಟ್ಟವನು ಅತ್ತ ಸುಳಿಯಬಾರದು’ ಎಂಬುದು ಒಂದು ಉತ್ತರ. ‘ನನ್ನ ಪಕ್ಷವೇ ಧರ್ಮದ ಪಕ್ಷ, ಅದರಲ್ಲಿ ಇಲ್ಲದವನು ಧರ್ಮದ ಶತ್ರು’ ಎಂಬುದು ಇನ್ನೊಂದು. ಮೊದಲನೆಯದರಲ್ಲಿ ಆಲಸ್ಯವು ವೈರಾಗ್ಯದ ವೇಷವನ್ನು ತೊಟ್ಟಿದೆ. ಎರಡನೆಯದರಲ್ಲಿ ಅಹಂಕಾರವು ಭಕ್ತಿಯ ವೇಷವನ್ನು ತೊಟ್ಟಿದೆ. ಎರಡೂ ಎಷ್ಟು ಅಪಾಯಕರವೆಂಬುದನ್ನು ತಿಳಿಯಲು ಮಹಾಭಾರತದ ದ್ಯೂತಸಭೆಯೊಂದೇ ಸಾಕು.

ಆ ಸಭೆಯಲ್ಲಿ ಇದ್ದವರು ಸಾಮಾನ್ಯರಲ್ಲ. ಶಸ್ತ್ರವನ್ನೂ ಶಾಸ್ತ್ರವನ್ನೂ ಬಲ್ಲವರು, ಸಂಧ್ಯಾವಂದನೆಯನ್ನು ತಪ್ಪಿಸದವರು, ದಾನ ವ್ರತಗಳಲ್ಲಿ ಹೆಸರಾದವರು ಅಲ್ಲಿದ್ದರು. ಸಭೆಗೆ ಎಳೆದು ತರಲ್ಪಟ್ಟ ದ್ರೌಪದಿಯು ಕಣ್ಣೀರನ್ನಷ್ಟೇ ಸುರಿಸಲಿಲ್ಲ. ನ್ಯಾಯದ ಪ್ರಶ್ನೆಯೊಂದನ್ನು ಮುಂದಿಟ್ಟಳು. ಧರ್ಮರಾಜನು ಮೊದಲು ತನ್ನನ್ನು ಸೋತನೋ, ಅಥವಾ ಆಕೆಯನ್ನು ಸೋತನೋ? ತನ್ನನ್ನೇ ಸೋತವನಿಗೆ ಇನ್ನೊಬ್ಬರನ್ನು ಪಣವಾಗಿ ಒಡ್ಡುವ ಅಧಿಕಾರ ಎಲ್ಲಿಂದ ಬಂತು? ಇಷ್ಟು ಸ್ಪಷ್ಟವಾದ ಪ್ರಶ್ನೆಗೆ ಭೀಷ್ಮರಂಥವರು ಧರ್ಮದ ಗತಿ ಸೂಕ್ಷ್ಮವೆಂದು ಹೇಳಿ ಸುಮ್ಮನಾದರು. ಮುಂದೆ ಇದೇ ಭೀಷ್ಮರು ಶರಶಯ್ಯೆಯಲ್ಲಿ ಮಲಗಿ ಶಾಂತಿಪರ್ವದುದ್ದಕ್ಕೂ ರಾಜಧರ್ಮವನ್ನು ವಿಸ್ತಾರವಾಗಿ ಬೋಧಿಸಿದರು. ಅವರಿಗೆ ಧರ್ಮವು ತಿಳಿಯದೆ ಇರಲಿಲ್ಲ. ತಿಳಿದದ್ದನ್ನು ಹೇಳಬೇಕಾದ ಮುಹೂರ್ತದಲ್ಲಿ ಹೇಳಲಾಗಲಿಲ್ಲ. ಅದಕ್ಕೆ ಕಾರಣವೇನೆಂಬುದನ್ನು ಭೀಷ್ಮಪರ್ವದಲ್ಲಿ ಅವರ ಬಾಯಿಂದಲೇ ಕೇಳಬಹುದು. ಯುದ್ಧದ ಆರಂಭಕ್ಕೆ ಮೊದಲು ಆಶೀರ್ವಾದವನ್ನು ಬೇಡಿಬಂದ ಧರ್ಮರಾಜನಿಗೆ, ತಾವು ಕೌರವರ ಅರ್ಥಕ್ಕೆ ಕಟ್ಟುಬಿದ್ದವರೆಂದು ಅವರು ಒಪ್ಪಿಕೊಳ್ಳುತ್ತಾರೆ. ದ್ರೋಣರ ಮಾತೂ ಅದೇ, ಕೃಪರ ಮಾತೂ ಅದೇ. ಉಂಡ ಅನ್ನದ ಋಣವು ನಾಲಗೆಯನ್ನು ಕಟ್ಟಿಹಾಕಿತು.

ಅದೇ ಸಭೆಯಲ್ಲಿ ವಿದುರನಿದ್ದನು. ಅವನೂ ಹಸ್ತಿನಾಪುರದ ಅನ್ನವನ್ನೇ ಉಂಡವನು. ಅರಸನ ತಮ್ಮ, ಅರಸನ ಮಂತ್ರಿ. ಆದರೂ ಆತನು ಮೌನವಾಗಿರಲಿಲ್ಲ. ಕೌರವನ ತಮ್ಮಂದಿರಲ್ಲಿ ಒಬ್ಬನಾದ ವಿಕರ್ಣನೂ ಎದ್ದು ನಿಂತು, ದ್ರೌಪದಿಯು ಧರ್ಮತಃ ಗೆಲ್ಲಲ್ಪಟ್ಟವಳಲ್ಲವೆಂದು ನೇರವಾಗಿ ಹೇಳಿದನು. ವಯಸ್ಸಿನಲ್ಲಿ ಕಿರಿಯನು, ಅಧಿಕಾರವಿಲ್ಲದವನು. ಆದರೆ ಹಿರಿಯರು ನುಂಗಿಕೊಂಡ ಮಾತು ಅವನ ಬಾಯಿಂದ ಹೊರಬಂತು. ಆ ವಿಕರ್ಣನು ಮುಂದೆ ಅಣ್ಣನ ಪಕ್ಷದಲ್ಲಿಯೇ ನಿಂತು ಯುದ್ಧಮಾಡಿ, ಭೀಮನ ಕೈಯಲ್ಲಿ ಮಡಿದನು. ಅವನನ್ನು ಕೊಂದ ಭೀಮನೇ ಅವನಿಗಾಗಿ ಮರುಗಿದನೆಂದು ವ್ಯಾಸರು ಬರೆಯುತ್ತಾರೆ. ಇನ್ನೊಬ್ಬ, ಧೃತರಾಷ್ಟ್ರನ ಮಗನೇ ಆದ ಯುಯುತ್ಸು, ಯುದ್ಧದ ದಿನ ಎರಡು ಸೇನೆಗಳ ನಡುವೆ ಧರ್ಮರಾಜನ ಕರೆಯನ್ನು ಕೇಳಿ ಪಾಂಡವರ ಕಡೆಗೆ ನಡೆದು ಬಂದನು. ಸ್ವರ್ಗಾರೋಹಣಕ್ಕೆ ಹೊರಡುವಾಗ ಧರ್ಮರಾಜನು ಬಾಲಕ ಪರೀಕ್ಷಿತನ ರಾಜ್ಯದ ಭಾರವನ್ನು ಒಪ್ಪಿಸಿದ್ದು ಈ ಯುಯುತ್ಸುವಿಗೇ.

ಹೀಗೆ ಒಂದೇ ಮನೆಯಲ್ಲಿ, ಒಂದೇ ಪಕ್ಷದಲ್ಲಿ, ಬೇರೆಬೇರೆ ಮಾರ್ಗಗಳು ಕಾಣುತ್ತವೆ. ತಿಳಿದೂ ಮೌನವಾಗಿರುವುದು ಭೀಷ್ಮರ ದಾರಿ. ಒಳಗಿದ್ದೇ ಬುದ್ಧಿ ಹೇಳುವುದು ವಿದುರನ ದಾರಿ. ತಪ್ಪನ್ನು ತಪ್ಪೆಂದು ಸಾರಿ, ಆದರೂ ತನ್ನವರನ್ನು ಬಿಡದಿರುವುದು ವಿಕರ್ಣನ ದಾರಿ. ಹೇಳಿ ಫಲವಿಲ್ಲದಾಗ ಹೊರಬರುವುದು ಯುಯುತ್ಸುವಿನ ದಾರಿ. ಕೊನೆಯ ಮೂರು ದಾರಿಗಳನ್ನು ಲೋಕವು ಗೌರವಿಸಿದೆ. ಮೊದಲನೆಯದಕ್ಕಾಗಿ ಮಾತ್ರ ಭೀಷ್ಮರಂಥ ಮಹಾತ್ಮರನ್ನೂ ಇಂದಿಗೂ ಪ್ರಶ್ನಿಸುತ್ತಿದೆ. ಪಕ್ಷದಲ್ಲಿರುವುದು ಪಾಪವಲ್ಲ. ಪಕ್ಷಕ್ಕಾಗಿ ನಾಲಗೆಯನ್ನು ಒತ್ತೆಯಿಡುವುದು ಪಾಪ.

ಕರ್ಣನ ಕಥೆಯು ಇದಕ್ಕಿಂತಲೂ ಸೂಕ್ಷ್ಮವಾದುದು. ಜನ್ಮರಹಸ್ಯವನ್ನು ತಿಳಿಸಿ, ಪಾಂಡವರ ಹಿರಿಯನಾಗಿ ಸಿಂಹಾಸನವೇರೆಂದು ಸ್ವತಃ ಶ್ರೀಕೃಷ್ಣನೇ ಕರೆದಾಗ ಆತನು ಒಪ್ಪಲಿಲ್ಲ. ಕಷ್ಟಕಾಲದಲ್ಲಿ ಕೈಹಿಡಿದ ದುರ್ಯೋಧನನನ್ನು ಬಿಟ್ಟುಬರುವುದು ಕೃತಘ್ನತೆಯೆಂದು ನಂಬಿದನು. ಆ ನಿಷ್ಠೆಯನ್ನು ಹಗುರವಾಗಿ ಕಾಣಲಾಗದು. ಕನ್ನಡದ ಆದಿಕವಿ ಪಂಪನು ತನ್ನ ‘ವಿಕ್ರಮಾರ್ಜುನ ವಿಜಯ’ದಲ್ಲಿ ಏನು ಮಾಡಿದನೆಂಬುದನ್ನು ನೆನೆಯಬೇಕು. ಆತನ ಆಶ್ರಯದಾತನಾದ ಅರಿಕೇಸರಿಯನ್ನು ಕಾವ್ಯದಲ್ಲಿ ಅರ್ಜುನನೊಡನೆ ಒಂದುಗೂಡಿಸಿ ಹೇಳಿದ್ದಾನೆ. ಅಂದಮೇಲೆ ಕವಿಯ ಪಕ್ಷವು ಯಾವುದೆಂಬುದರಲ್ಲಿ ಸಂಶಯವಿಲ್ಲ. ಹಾಗಿದ್ದೂ ಭಾರತದಲ್ಲಿ ನೆನೆಯತಕ್ಕವನು ಕರ್ಣನೆಂದು ಆ ಕವಿಯೇ ಮನಸಾರೆ ಹಾಡಿದನು. ತನ್ನ ಒಡೆಯನ ಎದುರಾಳಿಯಲ್ಲಿರುವ ಗುಣವನ್ನು ಒಡೆಯನ ಆಸ್ಥಾನದಲ್ಲಿಯೇ ಹೊಗಳುವ ಎದೆಗಾರಿಕೆ 10ನೆಯ ಶತಮಾನದ ಕನ್ನಡ ಕವಿಗೆ ಇತ್ತು. ಎದುರು ಪಕ್ಷದವನಲ್ಲಿ ಒಂದೇ ಒಂದು ಒಳ್ಳೆಯ ಗುಣವನ್ನೂ ಕಾಣಲಾರದವರು ಆ ಕವಿಯ ನುಡಿಯನ್ನಾಡುವ ಜನರಲ್ಲಿಯೇ ಇಂದು ಎಷ್ಟು ಮಂದಿ!

ಆದರೆ ಕರ್ಣನ ನಿಷ್ಠೆ ಎಲ್ಲಿ ಎಡವಿತು? ಅದು ರಣರಂಗದಲ್ಲಿ ಎಡವಲಿಲ್ಲ. ದ್ಯೂತಸಭೆಯಲ್ಲಿ, ಅಸಹಾಯಳಾದ ಹೆಣ್ಣೊಬ್ಬಳನ್ನು ಕುರಿತು ಕಟುವಾಗಿ ನುಡಿದ ಆ ಒಂದು ಗಳಿಗೆಯಲ್ಲಿ ಎಡವಿತು. ಮಿತ್ರನಿಗಾಗಿ ಪ್ರಾಣ ಕೊಡುವುದು ನಿಷ್ಠೆ. ಮಿತ್ರನನ್ನು ಮೆಚ್ಚಿಸುವುದಕ್ಕಾಗಿ ದುರ್ಬಲರನ್ನು ಹೀಯಾಳಿಸುವುದು ನಿಷ್ಠೆಯ ಹೆಸರಿನ ಅಧರ್ಮ. ಪಕ್ಷಾಭಿಮಾನಿಗಳಾದ ಸಜ್ಜನರು ಜಾರಿಬೀಳುವ ಸ್ಥಳವೂ ಪ್ರಾಯಶಃ ಇದೇ. ತಾವಾಗಿ ಅವರು ಕೆಟ್ಟದ್ದನ್ನು ಮಾಡಲಾರರು. ತಮ್ಮ ಗುಂಪಿನ ನಗೆಯಲ್ಲಿ ತಮ್ಮ ನಗೆಯನ್ನೂ ಕೂಡಿಸುತ್ತಾರೆ, ಅಷ್ಟೆ. ಧರ್ಮದ ಲೆಕ್ಕದಲ್ಲಿ ಆ ನಗೆಗೂ ಬೆಲೆ ತೆರಬೇಕಾಗುತ್ತದೆ.

ಪಕ್ಷವನ್ನು ತ್ಯಜಿಸುವುದರ ವಿಷಯದಲ್ಲಿ ವಿಜಯದಶಮಿಯಂದು ನೆನೆಯಬೇಕಾದವನು ವಿಭೀಷಣ. ಲಂಕೆಯ ಸಭೆಯಲ್ಲಿ ಆತನು ಅಣ್ಣನಿಗೆ ಮತ್ತೆ ಮತ್ತೆ ಹಿತವನ್ನು ಹೇಳಿದನು. ಸೀತೆಯನ್ನು ಮರಳಿಸೆಂದು ಬೇಡಿದನು. ಅದಕ್ಕೆ ಸಿಕ್ಕ ಪ್ರತಿಫಲ ಅವಮಾನ. ಅನಂತರವಷ್ಟೇ ಆತನು ಕಡಲನ್ನು ದಾಟಿ ಬಂದನು. ಬಂದಾಗ ಸುಗ್ರೀವನು ಆತನನ್ನು ನಂಬಲಿಲ್ಲ. ಶತ್ರುವಿನ ತಮ್ಮನನ್ನು ಸೇರಿಸಿಕೊಳ್ಳಬಾರದೆಂದನು. ಶ್ರೀರಾಮನು ಶರಣಾಗತನಿಗೆ ಅಭಯವನ್ನು ನೀಡಿದನು. ವಿಭೀಷಣನಿಗೆ ಮುಂದೆ ಪಟ್ಟವೂ ದೊರೆಯಿತು, ನಿಜ. ಆದರೆ ಆತನು ಪ್ರಬಲನಾದ ರಾವಣನನ್ನು ಬಿಟ್ಟು ಬಂದದ್ದು, ಕಾಡಿನಲ್ಲಿ ಅಲೆಯುತ್ತ, ಹೆಂಡತಿಯನ್ನು ಕಳೆದುಕೊಂಡು, ವಾನರರನ್ನು ಕೂಡಿಸಿಕೊಂಡಿದ್ದ ಒಬ್ಬ ರಾಜಕುಮಾರನ ಬಳಿಗೆ. ಗೆಲ್ಲುವವರ ಕಡೆಗೆ ಓಡುವವನು ಆ ದಿಕ್ಕಿಗೆ ಓಡುತ್ತಿರಲಿಲ್ಲ. ಭಾರತದ ಸಂಸತ್ತು 1985ರಲ್ಲಿ ಸಂವಿಧಾನಕ್ಕೆ 52ನೆಯ ತಿದ್ದುಪಡಿಯನ್ನು ತಂದು ಪಕ್ಷಾಂತರವನ್ನು ನಿರ್ಬಂಧಿಸಿತು. ಕಾನೂನು ಕಾಲುಗಳನ್ನು ತಡೆಯಬಲ್ಲದು. ಕಾಲು ಯಾವ ಕಾರಣಕ್ಕೆ ಎತ್ತಿತೆಂಬುದನ್ನು ಅಂತರಾತ್ಮವೊಂದೇ ಬಲ್ಲದು. ಹೊರಡುವುದಕ್ಕೆ ಮೊದಲು ಒಳಗಿದ್ದು ಎಷ್ಟು ಸಲ ಸತ್ಯವನ್ನು ಹೇಳಿದನು? ಹೊರಟದ್ದು ಪದವಿಯ ಕಡೆಗೋ, ಅಪಾಯದ ಕಡೆಗೋ? ವಿಭೀಷಣನ ನಡತೆಯಿಂದ ದೊರೆಯುವ ಎರಡು ಒರೆಗಲ್ಲುಗಳಿವು.

ರಾಮಾಯಣದ ಯುದ್ಧಕಾಂಡದಲ್ಲಿ ಇನ್ನೊಂದು ಪ್ರಸಂಗವಿದೆ. ರಾವಣನು ಬಿದ್ದ ಮೇಲೆ, ಅಂಥವನಿಗೆ ಅಂತ್ಯಸಂಸ್ಕಾರವನ್ನು ಮಾಡುವುದೇ ಎಂದು ವಿಭೀಷಣನು ಹಿಂಜರಿಯುತ್ತಾನೆ. ಆಗ ಶ್ರೀರಾಮನು, ವೈರವು ಮರಣದೊಡನೆ ಮುಗಿಯಿತು, ಇನ್ನು ಈತನು ನಿನಗೆ ಹೇಗೋ ನನಗೂ ಹಾಗೆಯೇ ಎಂಬ ಅರ್ಥದ ಮಾತನ್ನು ಹೇಳಿ ಸಂಸ್ಕಾರವನ್ನು ಮಾಡಿಸುತ್ತಾನೆ. ವಿಜಯದಶಮಿಯ ವಿಜಯವು ಪೂರ್ಣವಾದದ್ದು ಬಾಣ ನಾಟಿದಾಗಲ್ಲ, ಈ ಮಾತು ಹೊರಟಾಗ. ಉತ್ತರದ ಊರುಗಳಲ್ಲಿ ನೆಲೆಸಿದ ಕನ್ನಡಿಗರು ರಾಮಲೀಲೆಯ ಮೈದಾನದಲ್ಲಿ ರಾವಣನ ಪ್ರತಿಮೆ ಉರಿಯುವುದನ್ನು ಪ್ರತಿವರ್ಷವೂ ನೋಡುತ್ತಾರೆ. ಬೆಂಕಿಯೊಡನೆ ವೈರವೂ ಉರಿದುಹೋಗಬೇಕೆಂಬುದು ಆ ಕಥೆಯ ಕೊನೆಯ ಪಾಠ.

ಪುರಾಣವನ್ನು ಬಿಟ್ಟು ಚರಿತ್ರೆಗೆ ಬಂದರೆ, ಕನ್ನಡ ನಾಡಿನಲ್ಲಿಯೇ ಈ ಪ್ರಶ್ನೆಯು ಉಜ್ವಲವಾಗಿ ಎದ್ದುನಿಂತ ಸ್ಥಳ 12ನೆಯ ಶತಮಾನದ ಕಲ್ಯಾಣ. ಬಸವಣ್ಣನವರು ಕಳಚುರಿ ಬಿಜ್ಜಳನ ಭಂಡಾರಿಗಳು. ರಾಜ್ಯದ ಬೊಕ್ಕಸದ ಬೀಗದ ಕೈ ಅವರಲ್ಲಿತ್ತು. ಶಿವಭಕ್ತನು ಭವಿಯಾದ ಅರಸನನ್ನು ಓಲೈಸುವುದೇ ಎಂದು ಕೇಳಿದವರು ಅಂದೇ ಇದ್ದರು. ಅರಮನೆಯ ಊಳಿಗವು ತನ್ನ ಒಡಲಿಗಾಗಿ ಅಲ್ಲ, ಶರಣರ ದಾಸೋಹಕ್ಕಾಗಿ ಎಂಬುದು ಅವರ ವಚನಗಳಲ್ಲಿ ಕಾಣುವ ಉತ್ತರದ ಭಾವ. ಭಂಡಾರದ ಹಣವು ಸೋರಿಹೋಯಿತೆಂಬ ದೂರು ಬಂದಾಗ ಲೆಕ್ಕವನ್ನು ನೋಡಲಾಯಿತು, ಕಾಸೂ ಕಡಿಮೆಯಿರಲಿಲ್ಲ ಎಂದು ಪುರಾಣಕಾರರು ಹೇಳುತ್ತಾರೆ. ಭಕ್ತನ ರಾಜಕೀಯಕ್ಕೆ ಇದು ಮೊದಲ ಪರೀಕ್ಷೆ. ಹಣೆಯ ವಿಭೂತಿಯನ್ನೋ ನಾಮವನ್ನೋ ನೋಡಿ ಲೆಕ್ಕವನ್ನು ಒಪ್ಪಿಕೊಳ್ಳಬಾರದು. ಲೆಕ್ಕವು ಸರಿಯಾಗಿದ್ದರೆ ಆ ಲಾಂಛನಕ್ಕೂ ಶೋಭೆ.

ಮುಂದೆ ಹರಳಯ್ಯ ಮಧುವಯ್ಯಗಳ ಮನೆಗಳ ನಡುವೆ, ಜಾತಿಯ ಗೋಡೆಯನ್ನು ದಾಟಿ, ಮದುವೆಯ ಸಂಬಂಧ ನಡೆಯಿತೆಂದೂ, ಅದಕ್ಕಾಗಿ ಆ ಇಬ್ಬರಿಗೂ ಘೋರವಾದ ಶಿಕ್ಷೆಯಾಯಿತೆಂದೂ ಪರಂಪರೆಯು ಹೇಳುತ್ತದೆ. ನಂಬಿದ ತತ್ತ್ವಕ್ಕೂ ಹಿಡಿದ ಪದವಿಗೂ ಹೊಂದಿಕೆಯಾಗದ ಕಾಲ ಬಂದಾಗ ಬಸವಣ್ಣನವರು ಪದವಿಯನ್ನು ಬಿಟ್ಟು ಕೂಡಲಸಂಗಮಕ್ಕೆ ನಡೆದರು. ಪದವಿಯು ಅವರಿಗೆ ಉಪಕರಣವಾಗಿತ್ತು. ಆದ್ದರಿಂದಲೇ ಅದನ್ನು ಕೆಳಗಿಡಲು ಸಾಧ್ಯವಾಯಿತು. ಆದರೆ ಅದೇ ಪರಂಪರೆಯು ಬಿಜ್ಜಳನ ಕೊಲೆಯನ್ನೂ, ಕಲ್ಯಾಣದಲ್ಲಿ ಹರಿದ ರಕ್ತವನ್ನೂ, ಶರಣರು ಉಳವಿಯತ್ತ ಚದುರಿಹೋದುದನ್ನೂ ಹೇಳುತ್ತದೆ. ದಯೆಯನ್ನೇ ಧರ್ಮದ ಬೇರೆಂದು ಸಾರಿದ ಮಹಾಪುರುಷನ ಹೆಸರನ್ನು ಹೇಳುವವರ ನಡುವೆಯೂ ಕತ್ತಿ ಎದ್ದೀತು! ಇದು ಯಾವ ಒಂದು ಮತದ ದೋಷವೂ ಅಲ್ಲ. ಅಧಿಕಾರದ ಕಾವು ತಗಲಿದಾಗ ಯಾವ ಭಕ್ತಿಯೂ ಹೇಗೆ ಉರಿಯಬಹುದೆಂಬುದಕ್ಕೆ ಎಚ್ಚರಿಕೆ. ಸದುದ್ದೇಶವು ದುರ್ಮಾರ್ಗವನ್ನು ಶುದ್ಧಿಗೊಳಿಸುವುದಿಲ್ಲ.

ಇದಕ್ಕೆ ಪ್ರತಿಯಾಗಿ, ಅಧಿಕಾರವು ಧರ್ಮದೊಡನೆ ಹೇಗೆ ನಡೆದುಕೊಳ್ಳಬೇಕೆಂಬುದಕ್ಕೆ ಒಂದು ಶಿಲಾಸಾಕ್ಷಿ ಶ್ರವಣಬೆಳಗೊಳದಲ್ಲಿದೆ. ಅದು 1368ರ ಬುಕ್ಕರಾಯನ ಶಾಸನ. ಜೈನರಿಗೂ ಶ್ರೀವೈಷ್ಣವರಿಗೂ ವಿವಾದ ಹುಟ್ಟಿತ್ತು. ಆನೆಗೊಂದಿ, ಪೆನುಗೊಂಡೆ ಮುಂತಾದ ನಾಡುಗಳ ಜೈನರು ತಮಗಾದ ಅನ್ಯಾಯವನ್ನು ಅರಸನಲ್ಲಿ ನಿವೇದಿಸಿಕೊಂಡರು. ಅರಸನು ವೈದಿಕ ಪರಂಪರೆಯವನು. ಎದುರಿಗೆ ನಿಂತಿದ್ದ ಶ್ರೀವೈಷ್ಣವರಾದರೋ ಶ್ರೀರಂಗ, ತಿರುಪತಿ, ಕಂಚಿ, ಮೇಲುಕೋಟೆಗಳ ಆಚಾರ್ಯರನ್ನು ಒಳಗೊಂಡ ಪ್ರಬಲ ಸಮುದಾಯ. ಬುಕ್ಕರಾಯನು ಜೈನರ ಕೈಯನ್ನು ಹಿಡಿದು ವೈಷ್ಣವರ ಕೈಯಲ್ಲಿ ಇಟ್ಟನು. ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿದನು. ಜೈನರಿಗೆ ಹಿಂದಿನಿಂದ ಬಂದ ಪಂಚಮಹಾವಾದ್ಯ ಮತ್ತು ಕಲಶದ ಮರ್ಯಾದೆಯನ್ನು ಎತ್ತಿಹಿಡಿದನು. ಜೈನ ದರ್ಶನಕ್ಕೆ ಹಾನಿಯಾಗಲಿ ವೃದ್ಧಿಯಾಗಲಿ, ಅದನ್ನು ವೈಷ್ಣವರು ತಮ್ಮದೆಂದೇ ಭಾವಿಸಬೇಕೆಂದು ವಿಧಿಸಿದನು.

ಅಷ್ಟಕ್ಕೇ ನಿಲ್ಲಲಿಲ್ಲ. ಮಾತು ಗಾಳಿಗೆ ಹೋಗದಂತೆ ವ್ಯವಸ್ಥೆಯನ್ನೂ ಮಾಡಲಾಯಿತು. ಜೈನರು ಮನೆಗೊಂದು ಹಣದಂತೆ ಕೊಡುವುದು. ತಿರುಮಲೆಯ ತಾತಯ್ಯನು ಅದನ್ನು ಸಂಗ್ರಹಿಸಿ ಬೆಳಗೊಳದ ದೇವರಿಗೆ 20 ಮಂದಿ ಕಾವಲುಗಾರರನ್ನು ನೇಮಿಸುವುದು. ಮಿಕ್ಕ ಹಣದಿಂದ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಬಳಿಸುವುದು. ಜಿನಾಲಯದ ಕಾವಲಿನ ಹೊಣೆ ವೈಷ್ಣವನ ಹೆಗಲಿಗೆ ಬಂತು! ಇದನ್ನು ಮೀರಿದವನು ರಾಜನಿಗೂ ಸಂಘಕ್ಕೂ ಸಮುದಾಯಕ್ಕೂ ದ್ರೋಹಿಯೆಂದು ಶಾಸನವು ಹೇಳುತ್ತದೆ. ಬುಕ್ಕರಾಯನು ತನ್ನ ಮತವನ್ನು ಬಿಡಲಿಲ್ಲ. ಜೈನರು ತಮ್ಮದನ್ನು ಬಿಡಲಿಲ್ಲ. ಅಧಿಕಾರದಲ್ಲಿ ಕುಳಿತವನು ತನ್ನ ಮತದವರಿಗೆ ಹೆಚ್ಚು, ಇತರರಿಗೆ ಕಡಿಮೆ ಎಂದು ಅಳೆಯಲಿಲ್ಲ, ಅಷ್ಟೆ. ಆದರೆ ಆ ‘ಅಷ್ಟೆ’ ಎಂಬುದು 600 ವರ್ಷಗಳಿಗೂ ಹೆಚ್ಚು ಕಾಲ ಕಲ್ಲಿನಲ್ಲಿ ಉಳಿದು ಬಂದಿದೆ.

ಹೊರನಾಡಿನ ಮಹಾನಗರಗಳಲ್ಲಿ ನೆಲೆಸಿದ ಕನ್ನಡಿಗರಿಗೆ ಈ ಶಾಸನದ ಅರ್ಥವು ಒಳನಾಡಿನವರಿಗಿಂತ ಬೇಗ ಹೊಳೆಯಬೇಕು. ಅವರು ಇರುವ ಊರಿನಲ್ಲಿ ಅವರೇ ಅಲ್ಪಸಂಖ್ಯಾತರು. ಊರಿನ ಬಹುಸಂಖ್ಯೆಯ ಜನ ಸೌಜನ್ಯದಿಂದ ಬಾಳಗೊಡುವುದರಿಂದಲೇ ಅವರ ಸಂಘಗಳು ನಡೆಯುತ್ತಿವೆ, ಗಣಪತಿ ಉತ್ಸವವೂ ದಸರೆಯ ಬೊಂಬೆಗಳೂ ಕನ್ನಡ ಶಾಲೆಗಳೂ ಉಳಿದಿವೆ. ‘ಹೊರಗಿನವರು’ ಎಂಬ ಮಾತು ಚುನಾವಣೆಯ ಕಾಲದಲ್ಲಿ ಬೀದಿಯಲ್ಲಿ ಕೇಳಿಬಂದಾಗ ಎದೆಯಲ್ಲಿ ಏನಾಗುತ್ತದೆಂಬುದನ್ನು ಅವರಿಗೆ ಯಾರೂ ವಿವರಿಸಬೇಕಾಗಿಲ್ಲ. ಹಾಗಿರುವಾಗ ತಾವು ಬಹುಸಂಖ್ಯೆಯಲ್ಲಿರುವ ಕಡೆ, ತಮ್ಮ ಹುಟ್ಟೂರಿನಲ್ಲಿ, ತಮ್ಮ ವಠಾರದಲ್ಲಿ, ತಮಗಿಂತ ಕಡಿಮೆ ಸಂಖ್ಯೆಯವರನ್ನು ಹೇಗೆ ಕಾಣುತ್ತಾರೆಂಬುದೇ ಅವರ ಭಕ್ತಿಯ ಅಳತೆಗೋಲು. ತನಗೆ ಬೇಕಾದ ನ್ಯಾಯವನ್ನು ಇನ್ನೊಬ್ಬನಿಗೆ ನಿರಾಕರಿಸುವವನು ಎಷ್ಟು ಸಹಸ್ರನಾಮವನ್ನು ಪಠಿಸಿದರೇನು?

ಸ್ವತಂತ್ರ ಭಾರತವು ರೂಪುಗೊಂಡಾಗ ಇಬ್ಬರು ಮಹನೀಯರು ಈ ವಿಷಯವನ್ನು ಎರಡು ತುದಿಗಳಿಂದ ನೋಡಿದರು. ಧರ್ಮಕ್ಕೂ ರಾಜಕೀಯಕ್ಕೂ ಸಂಬಂಧವಿಲ್ಲವೆನ್ನುವವರಿಗೆ ಧರ್ಮವೆಂದರೇನೆಂದು ತಿಳಿಯದು ಎಂಬುದು ಮಹಾತ್ಮಾ ಗಾಂಧಿಯವರ ನಿಲುವಾಗಿತ್ತು. ಡಾ. ಬಿ. ಆರ್. ಅಂಬೇಡ್ಕರರು 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಮಾತನಾಡುತ್ತ, ಧರ್ಮದಲ್ಲಿ ಭಕ್ತಿಯು ಆತ್ಮದ ಮುಕ್ತಿಗೆ ದಾರಿಯಾಗಬಹುದು, ಆದರೆ ರಾಜಕೀಯದಲ್ಲಿ ಭಕ್ತಿಯು ಅಧೋಗತಿಗೂ ಕಡೆಗೆ ಸರ್ವಾಧಿಕಾರಕ್ಕೂ ದಾರಿಯೆಂದು ಎಚ್ಚರಿಸಿದರು. ಮೇಲ್ನೋಟಕ್ಕೆ ಇವು ಪರಸ್ಪರ ವಿರುದ್ಧವಾದ ಮಾತುಗಳಂತೆ ಕಾಣುತ್ತವೆ. ಆಳದಲ್ಲಿ ಒಂದಕ್ಕೊಂದು ಪೂರಕ. ಧರ್ಮದಲ್ಲಿರುವ ಸತ್ಯ, ದಯೆ, ಅಸ್ತೇಯ, ಅಪರಿಗ್ರಹಗಳು ರಾಜಕೀಯಕ್ಕೆ ಬರಲಿ. ದೇವರಿಗೆ ಸಲ್ಲತಕ್ಕ ಶರಣಾಗತಿಯನ್ನು ಮನುಷ್ಯನಿಗೂ ಪಕ್ಷಕ್ಕೂ ಸಲ್ಲಿಸದಿರಲಿ. ನೀತಿಯು ಗುಡಿಯಿಂದ ಸಭೆಗೆ ನಡೆದು ಬರಲಿ. ಮಂಗಳಾರತಿಯು ಗುಡಿಯಲ್ಲಿಯೇ ಉಳಿಯಲಿ. ಗಾಂಧೀಜಿಯವರು ಕಾಂಗ್ರೆಸ್ಸಿನ ಅಧ್ಯಕ್ಷತೆಯನ್ನು ವಹಿಸಿದ್ದು ಒಂದೇ ಸಲ, 1924ರಲ್ಲಿ, ಕನ್ನಡ ನೆಲದ ಬೆಳಗಾವಿಯಲ್ಲಿ. ಹತ್ತು ವರ್ಷಗಳ ಅನಂತರ 1934ರಲ್ಲಿ ಅವರು ಆ ಪಕ್ಷದ ಸದಸ್ಯತ್ವಕ್ಕೇ ರಾಜೀನಾಮೆಯನ್ನು ಕೊಟ್ಟರು. ಪಕ್ಷವನ್ನು ಬೆಳೆಸಿದವರು ಪಕ್ಷಕ್ಕೆ ಅಂಟಿಕೊಳ್ಳಲಿಲ್ಲ.

ಸಂವಿಧಾನದ ಮೂರನೆಯ ಅನುಸೂಚಿಯಲ್ಲಿ ಮಂತ್ರಿಗಳ ಪ್ರಮಾಣವಚನವಿದೆ. ನಂಬುವವನು ದೇವರ ಹೆಸರಿನಲ್ಲಿ ಪ್ರಮಾಣ ಮಾಡಬಹುದು. ನಂಬದವನು ಸತ್ಯನಿಷ್ಠೆಯಿಂದ ದೃಢೀಕರಿಸಬಹುದು. ಆರಂಭ ಬೇರೆಯಾದರೂ ಹೊರುವ ಹೊಣೆ ಒಂದೇ: ಭಯವಾಗಲಿ ಪಕ್ಷಪಾತವಾಗಲಿ ಇಲ್ಲದೆ, ರಾಗದ್ವೇಷಗಳಿಲ್ಲದೆ, ಎಲ್ಲ ಜನರಿಗೂ ನ್ಯಾಯವನ್ನು ಸಲ್ಲಿಸುವುದು. ಪಕ್ಷದ ಬೆಂಬಲದಿಂದ ಗೆದ್ದು ಬಂದವನೇ ಪಕ್ಷಪಾತವಿಲ್ಲದೆ ನಡೆಯುತ್ತೇನೆಂದು ಆಣೆಯಿಡುತ್ತಾನೆ. ರಾಗದ್ವೇಷಗಳನ್ನು ಗೆಲ್ಲಬೇಕೆಂದು ಗೀತೆಯು ಯೋಗಿಗೆ ಹೇಳಿದ್ದನ್ನೇ ಸಂವಿಧಾನವು ಮಂತ್ರಿಗೆ ಹೇಳುತ್ತಿದೆ. ಬೆಂಗಳೂರಿನ ವಿಧಾನಸೌಧದ ಮುಂಭಾಗದಲ್ಲಿ ಸರ್ಕಾರದ ಕೆಲಸವು ದೇವರ ಕೆಲಸವೆಂದು ಕೆತ್ತಿದ್ದಾರೆ. ಸರ್ಕಾರವೇ ದೇವರೆಂದು ಅದರ ಅರ್ಥವಲ್ಲ. ಕಚೇರಿಯ ಮೇಜಿನ ಮುಂದೆ ಬಂದು ನಿಂತ ಬಡವನ ಅರ್ಜಿಯನ್ನು ನೈವೇದ್ಯದಂತೆ ಶುಚಿಯಾಗಿ ಮುಟ್ಟಬೇಕೆಂದು ಅರ್ಥ. ಆಯುಧಪೂಜೆಯಂದು ಲೇಖನಿಗೂ ಯಂತ್ರಕ್ಕೂ ಕುಂಕುಮವನ್ನಿಡುವ ಜನರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮತವೂ ಒಂದು ಆಯುಧವೇ. ಅದನ್ನು ಹಣಕ್ಕೆ ಮಾರಿದವನು ಪೂಜಿಸಿದ ಆಯುಧವನ್ನೇ ಅಡವಿಟ್ಟಂತೆ.

ಇಷ್ಟೆಲ್ಲ ವಿಚಾರವು ಮಂತ್ರಿಗಳಿಗೂ ಶಾಸಕರಿಗೂ ಮಾತ್ರವೆಂದು ಗೃಹಸ್ಥನು ಕೈತೊಳೆದುಕೊಳ್ಳುವಂತಿಲ್ಲ. ಇಂದು ಒಂದೇ ಮನೆಯಲ್ಲಿ ತಂದೆ ಒಂದು ಪಕ್ಷ, ಮಗ ಒಂದು ಪಕ್ಷ. ಊಟದ ಎಲೆಯ ಮುಂದೆ ಮಾತು ಬೆಳೆದು, ತಿಂಗಳುಗಟ್ಟಲೆ ಪರಸ್ಪರ ಮಾತಿಲ್ಲದ ಮನೆಗಳುಂಟು. ಇಪ್ಪತ್ತು ವರ್ಷಗಳಿಂದ ಎದುರುಬದುರು ಬಾಗಿಲಿನಲ್ಲಿದ್ದು, ಆಸ್ಪತ್ರೆಗೂ ಸ್ಮಶಾನಕ್ಕೂ ಜೊತೆಯಾಗಿ ಬಂದ ನೆರೆಯವರು ಒಂದು ಚುನಾವಣೆಯ ಮಾತಿಗೆ ದೂರವಾದದ್ದುಂಟು. ಸಂಘಗಳ ಕಾರ್ಯಕಾರಿ ಸಮಿತಿಯ ಚುನಾವಣೆಯಲ್ಲಿ ಸೋತವರು ಮುಂದಿನ ದಸರೆಗೆ ಸಂಘದ ಮೆಟ್ಟಿಲನ್ನೇ ಹತ್ತದಿರುವುದೂ ಉಂಟು! ದೇವಿಯು ಮಹಿಷನನ್ನು ಕೊಂದಳೆಂದು ಪಾರಾಯಣ ಮಾಡುವ ಒಂಬತ್ತು ದಿನಗಳಲ್ಲಿ, ಎದೆಯೊಳಗಿನ ಈ ಪುಟ್ಟ ಮಹಿಷನು ಮಾತ್ರ ಸುಖವಾಗಿ ಮೇಯುತ್ತಿರುತ್ತಾನೆ.

ಇದಕ್ಕೆ ಔಷಧವನ್ನು ಆಚಾರ್ಯರು ತೋರಿಸಿಕೊಟ್ಟಿದ್ದಾರೆ. ಶಂಕರರು, ರಾಮಾನುಜರು, ಮಧ್ವರು, ಇವರ ಪರಂಪರೆಯ ಯಾವ ಭಾಷ್ಯವನ್ನು ತೆರೆದರೂ ಮೊದಲು ಪೂರ್ವಪಕ್ಷ, ಅನಂತರ ಸಿದ್ಧಾಂತ. ಎದುರಾಳಿಯ ವಾದವನ್ನು ಅವನೇ ಮೆಚ್ಚುವಷ್ಟು ಸಮರ್ಥವಾಗಿ ಮೊದಲು ಮಂಡಿಸಬೇಕು, ಆಮೇಲೆ ಖಂಡಿಸಬೇಕು. ಪೂರ್ವಪಕ್ಷವನ್ನು ತಿರುಚಿ ಹೇಳುವುದು ಪಂಡಿತನಿಗೆ ಅಪಮಾನ. ರಾಜಕೀಯದ ವಾದಗಳಿಗೂ ಈ ನಿಯಮ ಬಂದರೆ ಎಷ್ಟು ಬೈಗುಳಗಳು ತಾವಾಗಿ ಉದುರಿಹೋದಾವು! ಯುದ್ಧದ ದಿನ ಧರ್ಮರಾಜನು ಕವಚವನ್ನು ಕಳಚಿ, ಆಯುಧವನ್ನು ಕೆಳಗಿಟ್ಟು, ಕಾಲ್ನಡಿಗೆಯಿಂದ ಶತ್ರುಸೇನೆಯೊಳಗೆ ಹೋಗಿ ಹಿರಿಯರ ಪಾದಕ್ಕೆರಗಿದನು. ಆಮೇಲೆ ಹಿಂದಿರುಗಿ ಬಂದು ಯುದ್ಧವನ್ನೂ ಮಾಡಿದನು. ವಿರೋಧಕ್ಕೂ ಗೌರವಕ್ಕೂ ವಿರೋಧವಿಲ್ಲವೆಂಬುದನ್ನು ಇದಕ್ಕಿಂತ ಚೆನ್ನಾಗಿ ತೋರಿಸಿದ ಪ್ರಸಂಗ ಇನ್ನೊಂದಿಲ್ಲ.

ಆದ್ದರಿಂದ ಪಕ್ಷಾಭಿಮಾನಿಯಾದ ಭಕ್ತನು ನವರಾತ್ರಿಯ ದೀಪದ ಮುಂದೆ ಕುಳಿತಾಗ ಕೆಲವು ಪ್ರಶ್ನೆಗಳನ್ನು ತನಗೆ ತಾನೇ ಹಾಕಿಕೊಳ್ಳುವುದು ಒಳಿತು. ಎದುರು ಪಕ್ಷದವನು ಮಾಡಿದರೆ ತಪ್ಪೆನಿಸುವ ಕಾರ್ಯವನ್ನು ತನ್ನ ಪಕ್ಷದವನು ಮಾಡಿದಾಗಲೂ ತಪ್ಪೆನ್ನುವ ಧೈರ್ಯವಿದೆಯೇ? ತನ್ನವರ ಸಭೆಯಲ್ಲಿ ದುರ್ಬಲರ ಅವಹೇಳನ ನಡೆದಾಗ ವಿಕರ್ಣನಂತೆ ಎದ್ದು ನಿಲ್ಲುವನೇ, ಅಥವಾ ಧರ್ಮವು ಸೂಕ್ಷ್ಮವೆಂದು ತಲೆತಗ್ಗಿಸುವನೇ? ಎದುರಾಳಿಯ ಮನೆಯಲ್ಲಿ ಸಾವು ಸಂಭವಿಸಿದರೆ ಹೆಗಲು ಕೊಡಲು ಹೋಗುವನೇ? ದೇವರ ಹೆಸರನ್ನು ಮತಯಾಚನೆಗೆ ಬಳಸಿದಾಗ ದೇವರಿಗೆ ಅವಮಾನವಾಯಿತೆಂದು ಅವನಿಗೆ ಅನ್ನಿಸುವುದೇ? ಮತದ ಹೆಸರಿನಲ್ಲಿ ಮತ ಕೇಳುವುದನ್ನು 1951ರ ಪ್ರಜಾಪ್ರಾತಿನಿಧ್ಯ ಕಾಯಿದೆಯು ಭ್ರಷ್ಟಾಚರಣೆಯೆಂದು ಕರೆದಿದೆ. ಕಾಯಿದೆಗೆ ಅನ್ನಿಸಿದ್ದು ಭಕ್ತನಿಗೆ ಅನ್ನಿಸದಿರಬಾರದಲ್ಲವೇ? ಇವಕ್ಕೆ ಹೌದೆಂಬ ಉತ್ತರ ಬಂದರೆ ಆತನು ಯಾವ ಪಕ್ಷದಲ್ಲಿದ್ದರೂ ಧರ್ಮದಲ್ಲಿದ್ದಾನೆ. ಇಲ್ಲವೆಂಬ ಉತ್ತರ ಬಂದರೆ, ಪಕ್ಷದ ಹೆಸರಿನಲ್ಲಿಯೇ ಧರ್ಮವೆಂಬ ಮಾತಿದ್ದರೂ ಪ್ರಯೋಜನವಿಲ್ಲ.

ಮೈಸೂರಿನ ಜಂಬೂಸವಾರಿಯನ್ನು ಕಂಡವರು ಈ ಸತ್ಯವನ್ನು ಕಣ್ಣಾರೆ ಕಂಡಿದ್ದಾರೆ. ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ಆರಂಭಿಸಿದ ದಸರೆಯ ಪರಂಪರೆಯಲ್ಲಿ ಒಂದು ಕಾಲಕ್ಕೆ ಚಿನ್ನದ ಅಂಬಾರಿಯಲ್ಲಿ ಮಹಾರಾಜರು ಕುಳಿತು ಬರುತ್ತಿದ್ದರು. ರಾಜರ ಕಾಲ ಮುಗಿಯಿತು. ಆ ಪೀಠವನ್ನು ತುಂಬಲು ಯಾವ ಮಂತ್ರಿಯೂ ಯಾವ ಪಕ್ಷದ ನಾಯಕನೂ ಏರಲಿಲ್ಲ. ಅಲ್ಲಿ ಇಂದು ತಾಯಿ ಚಾಮುಂಡೇಶ್ವರಿಯ ಮೂರ್ತಿ ವಿರಾಜಮಾನವಾಗಿದೆ. ಸರ್ಕಾರಗಳು ಬದಲಾಗುತ್ತವೆ, ಪುಷ್ಪಾರ್ಚನೆ ಮಾಡುವ ಮುಖ್ಯಮಂತ್ರಿಗಳು ಬದಲಾಗುತ್ತಾರೆ, ಅಂಬಾರಿಯೊಳಗಿನ ಮೂರ್ತಿ ಬದಲಾಗುವುದಿಲ್ಲ. ಸುಮಾರು 750 ಕಿಲೋ ತೂಕದ ಆ ಅಂಬಾರಿಯನ್ನು ಹೊರಲು ಆನೆ ಬೇಕೇ ಬೇಕು. ಬಲಶಾಲಿಯೂ ಶಾಂತಸ್ವಭಾವದ್ದೂ ಆದ ಆನೆ ಬೇಕು. ಆದರೆ ರಸ್ತೆಯ ಇಕ್ಕೆಲದ ಜನ ಕೈಮುಗಿಯುವುದು ಮೇಲಿರುವ ತಾಯಿಗೆ. ಆನೆಯು ಹೊರುವುದು, ಆಕೆಯು ಹೊರಿಸಿಕೊಳ್ಳುವವಳು. ಪಕ್ಷಗಳೂ ಅಧಿಕಾರಗಳೂ ಆನೆಯಂತೆ ಧರ್ಮವನ್ನು ಹೊತ್ತು ನಡೆಯಲಿ. ಮುಗಿದ ಕೈಗಳೆಲ್ಲ ತನಗೇ ಎಂದು ಬಗೆದು ಅಂಬಾರಿಯನ್ನು ಕೆಡಹದಿರಲಿ.

ವಿಜಯದಶಮಿಯ ಸಂಜೆ ಬನ್ನಿಯ ಎಲೆಗಳನ್ನು ಹಂಚುವ ಸಂಪ್ರದಾಯವು ಊರು ಬಿಟ್ಟು ಬಂದ ಕನ್ನಡಿಗರಲ್ಲಿ ಇನ್ನೂ ಉಳಿದಿದೆ. ಪಾಂಡವರು ಅಜ್ಞಾತವಾಸದಲ್ಲಿ ಆಯುಧಗಳನ್ನು ಕಟ್ಟಿಟ್ಟ ಮರ ಅದು. ಆ ಮರದಿಂದ ಅರ್ಜುನನು ಗಾಂಡೀವವನ್ನು ಮೊದಲು ಇಳಿಸಿದ್ದು ತನ್ನ ರಾಜ್ಯಕ್ಕಾಗಿ ಅಲ್ಲ. ಆಶ್ರಯಕೊಟ್ಟ ವಿರಾಟನ ಗೋವುಗಳನ್ನು ಕಾಯುವುದಕ್ಕಾಗಿ, ಅನ್ನವಿಟ್ಟ ಊರಿನ ರಕ್ಷಣೆಗಾಗಿ. ಅನ್ಯರ ಊರಿನಲ್ಲಿ ಅನ್ನ ಕಂಡುಕೊಂಡವರಿಗೆ ಇದಕ್ಕಿಂತ ಹೊಂದುವ ಆದರ್ಶ ಇನ್ನಾವುದು? ಈ ವರ್ಷ ಬನ್ನಿಯನ್ನು ಹಂಚುವಾಗ ಮೊದಲ ಎಲೆಯನ್ನು ತನ್ನ ಪಕ್ಷದವನಿಗಲ್ಲ, ಎದುರು ಪಕ್ಷದವನಿಗೆ ಕೊಡಲಿ. ಹಿರಿಯನಾದರೆ ಕಾಲಿಗೆರಗಲಿ, ಕಿರಿಯನಾದರೆ ಹರಸಲಿ. ಬನ್ನಿ ಬಂಗಾರವಾಗುವುದು ಆಗಲೇ.

ಜಗನ್ಮಾತೆಯು ಎಲ್ಲ ಪಕ್ಷದವರಿಗೂ ಸದ್ಬುದ್ಧಿಯನ್ನೂ, ಸಜ್ಜನರಿಗೆ ಮಾತನಾಡುವ ಧೈರ್ಯವನ್ನೂ, ಗೆದ್ದವರಿಗೆ ವಿನಯವನ್ನೂ, ಸೋತವರಿಗೆ ಸಮಾಧಾನವನ್ನೂ ಅನುಗ್ರಹಿಸಲಿ.